ದಾಸೋಹಕ್ಕೆ ಒಯ್ದ ತೊಗರಿಬೇಳೆ

ನನ್ನ ಅತ್ತೆ ಗಯಾಬಾಯಿ ದುಡ್ಡು ಕೊಟ್ಟು ಕೊಂಡ ಅನ್ನವನ್ನು ಉಣ್ಣುವುದಿಲ್ಲ. ಇದು ನನಗೆ ಗೊತ್ತಾದದ್ದು ಮದುವೆಯಾದ ಹೊಸದರಲ್ಲಿ, ಹುಮನಾಬಾದಿನ ಒಂದು ಖಾನಾವಳಿಯಲ್ಲಿ. ನಮ್ಮೆಲ್ಲರ ಮುಂದೆ ತಾಟು ಬಂದವು. ಅತ್ತೆ ಮಾತ್ರ ಸೆರಗಿನ ಮರೆಯಿಂದ ಸ್ಟೀಲ್ ಡಬ್ಬಿ ತೆಗೆದು, ಜೋಳದ ರೊಟ್ಟಿ ಬಿಚ್ಚಿ, ಮಾಲೀಕನನ್ನೇ ಕರೆದರು.

"ಒಂದ ಉಳ್ಳಾಗಡ್ಡಿ ಕೊಡಪಾ. ನಿಂದು ಬರೇ ಜಾಗಾ ಬೇಕಾಗಿತ್ತು."

ಆತ ಪಾಪ, ಈರುಳ್ಳಿ ಹೆಚ್ಚಿ ಉಪ್ಪು ಹಚ್ಚಿ ತಂದುಕೊಟ್ಟ. ನನಗೆ ಆ ಮೇಜಿನ ಕೆಳಗೆ ಹೋಗಿ ಕೂತುಬಿಡೋಣ ಅನ್ನಿಸಿತ್ತು.

ಈ ನೇಮಕ್ಕೆ ಅವರದೇ ಕಾಯಿದೆ ಕಾನೂನು ಇದೆ. ಚಹಾ ನಡೆಯುತ್ತದೆ, ಅದು ಕುಡಿಯುವುದು, ಉಣ್ಣುವುದಲ್ಲ. ಬಾಳೆಹಣ್ಣು ನಡೆಯುತ್ತದೆ, ಅದು ಗಿಡದ್ದು. ಮಿರ್ಚಿ ಭಜಿಯೂ ನಡೆಯುತ್ತದೆ, ಏಕೆಂದರೆ ಕಡಲೆಹಿಟ್ಟು ಅನ್ನವಲ್ಲ. ಆದರೆ ಚುರುಮುರಿ ನೆನೆಸಿ ಮಾಡುವ ಸುಸಲಾ ಖಂಡಿತ ನಡೆಯುವುದಿಲ್ಲ. ಚುರುಮುರಿ ಒಂದು ಕಾಲಕ್ಕೆ ಅಕ್ಕಿಯಾಗಿತ್ತಲ್ಲ!

"ಗಯಾ, ನಿನ್ನ ದೇವರಿಗೆ ಭಜಿ ಅಂದ್ರ ಭಾಳ ಪ್ರೀತಿ ಕಾಣ್ತದ," ಎಂದು ಕೆಣಕುವವರು ಪಕ್ಕದ ಮನೆಯ ದ್ರೌಪತಿ ಆಯಿ. "ಅದಕ್ಕ ಅಷ್ಟ ಮಾಫಿ ಕೊಟ್ಟಾನ."

"ನಿನಗ್ಯಾಕ ಹೊಟ್ಟಿಯುರಿ? ಅರ್ಧ ಪುಡಿಕಿ ನೀನ ಮುಗಿಸೀದಿ."

ಇಬ್ಬರೂ ಮಂಠಾಳದವರು. ಪ್ರಾಯದಲ್ಲಿ ಒಂದೇ ಹೊಲಗಳಲ್ಲಿ ಕಳೆ ತೆಗೆದವರು, ತೊಗರಿ ಕೊಯ್ದವರು. ಈಗ ಇಬ್ಬರ ಮಕ್ಕಳೂ, ಅಂದರೆ ನನ್ನ ಗಂಡ ಸತೀಶಕುಮಾರ ಮತ್ತು ದ್ರೌಪತಿ ಆಯಿಯ ಮಗ ಸಂಘಪಾಲ, ಹುಮನಾಬಾದಿನ ಒಂದೇ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಮಾಡುತ್ತಾರೆ. ನಮ್ಮ ಎರಡೂ ಮನೆಗೆ ಗೋಡೆ ಒಂದೇ. ಆ ಗೋಡೆಯ ಆಚೆ ಈಚೆ ನಿಂತು ಇವರಿಬ್ಬರು ದಿನಕ್ಕೊಂದು ಜಗಳ ತೆಗೆಯದಿದ್ದರೆ ಇವರಲ್ಲಿ ಯಾರಿಗೋ ಆರಾಮಿಲ್ಲ ಎಂದು ಓಣಿಯವರಿಗೆ ಅನ್ನಿಸುತ್ತದೆ.

ಈ ನೇಮ ಯಾಕೆ ಎಂದು ನಾನು ಎಷ್ಟೋ ಸಲ ಕೇಳಿದ್ದೆ. "ಹಂಗ ಅದ ಬಿಡು," ಎನ್ನುತ್ತಿದ್ದರು. ಮಗನಿಗೂ ಗೊತ್ತಿರಲಿಲ್ಲ. ಹಳೇ ಕಾಲದ ಮಡಿ ಇರಬೇಕು ಎಂದುಕೊಂಡು ಸುಮ್ಮನಾಗಿದ್ದೆ.

ನಾನು ಕಲಬುರಗಿಯ ಕಾನ್ವೆಂಟಿನಲ್ಲಿ ಓದಿದವಳು. ತವರಿನಿಂದ ತಂದ ಬಳುವಳಿಯಲ್ಲಿ ಕೊನೆಯವರೆಗೂ ಬಾಳಿಕೆ ಬಂದದ್ದು ಚಿಂತೆಯೊಂದೇ. ಬಿಸ್ಕಿಟಿನ ಪೊಟ್ಟಣದ ಹಿಂಬದಿ ಓದದೆ ಮಗಳಿಗೆ ಕೊಡುವುದಿಲ್ಲ. ಮಗಳು ಗುಡ್ಡಿಗೆ ನಾಲ್ಕು ವರ್ಷ; ಅವಳು ಉಣ್ಣುವುದನ್ನು ನೋಡಿ ಗುಬ್ಬಿಗಳು ತಮ್ಮ ಮರಿಗಳಿಗೆ, ನೀವೇ ವಾಸಿ ಎನ್ನುತ್ತವೆ. ಅವಳಿಗೆ ಡೆಂಗಿ ಬಂದು ಹೋದ ಮೇಲೆ ನನ್ನ ಚಿಂತೆಗೆ ಇನ್ನೂ ಎರಡು ಕೈ ಬೆಳೆದವು. ನಾನು ಚಹಾ ಬಿಟ್ಟದ್ದೂ ಆಗಲೇ. ಆ್ಯಸಿಡಿಟಿ ಎಂದು ಎಲ್ಲರಿಗೂ ಹೇಳಿದ್ದೇನೆ.

ಇಂಥ ನನ್ನ ತಲೆಯ ಮೇಲೆ ಬಂದು ಬಿದ್ದದ್ದು ಥೀಮ್ ಪಾರ್ಕು. ಕಬ್ಬಿನ ಹಂಗಾಮಿನಲ್ಲಿ ಹಳ್ಳಿಖೇಡ ಕಡೆ ಟ್ರ್ಯಾಕ್ಟರುಗಳು ಚೆನ್ನಾಗಿ ಮಾರಾಟವಾದವೆಂದು ಶೋರೂಮಿನ ಮಾಲೀಕರು ಕೆಲಸದವರ ಮನೆಮಂದಿಗೆಲ್ಲ ಹೈದರಾಬಾದ್ ಹತ್ತಿರದ ಒಂದು ಪಾರ್ಕಿನ ಟಿಕೆಟು ಕೊಟ್ಟರು. ಸಂಘಪಾಲನ ಹೆಂಡತಿ ರತ್ನಮಾಲಾಗೆ ದಿನ ತುಂಬಿದ್ದವು, ಗಂಡ ಹೆಂಡತಿ ಬರುವಂತಿರಲಿಲ್ಲ. ದ್ರೌಪತಿ ಆಯಿ ಮಾತ್ರ ನಮ್ಮ ಜೊತೆ ಬರುವುದೆಂದಾಯಿತು.

ಟಿಕೆಟು ಪುಕ್ಕಟೆ, ಊಟ ಅಲ್ಲ. ಮನೆಯಿಂದ ತಿನ್ನುವುದೇನೂ ಒಳಗೆ ತರುವಂತಿಲ್ಲ. ಒಳಗೆ ಹೋದ ಮೇಲೆ ಕೊಂಡು ತಿನ್ನಬಹುದು, ಇಲ್ಲವೇ ಮೊದಲೇ ಫೋನಿನಲ್ಲಿ ದುಡ್ಡು ಕಟ್ಟಿ 'ಊಟದ ಪ್ಲ್ಯಾನ್' ತೆಗೆದುಕೊಳ್ಳಬಹುದು. ಹಾಗೆ ಕಟ್ಟಿದವರ ಕೈಗೆ ಒಂದು ಹಳದಿ ಪಟ್ಟಿ. ಪಟ್ಟಿ ತೋರಿಸಿದರೆ ಮಧ್ಯಾಹ್ನ ಒಂದು ತಾಟು ಊಟ, ಸಂಜೆ ಒಂದು ತಿಂಡಿ. ಉಣ್ಣಲಿ ಬಿಡಲಿ, ಕಟ್ಟಿದ್ದು ವಾಪಸಿಲ್ಲ.

ಕಟ್ಟಬೇಕೋ ಬೇಡವೋ? ಒಂದು ವಾರ ನಾನು ಇದನ್ನೇ ಹಾಸಿ ಹೊದ್ದೆ. ವಿಡಿಯೋಗಳನ್ನು ನೋಡಿದೆ. ಒಬ್ಬ ದಪ್ಪ ಹುಡುಗ ಬಾಯಿ ತುಂಬ ಪಲಾವ್ ಇಟ್ಟುಕೊಂಡು, ಕಟ್ಟಲೇಬೇಕು ಎಂದ. ಒಬ್ಬ ತಾಯಿ, ನನ್ನ ಮಗ ಬರೀ ಐಸ್ ಚೀಪಿ ಮನೆಗೆ ಬಂದ, ದುಡ್ಡು ನೀರಿಗೆ ಹೋಯಿತು ಎಂದು ಅತ್ತುಬಿಟ್ಟಳು. ಗುಡ್ಡಿಯ ಶಾಲೆಯ ತಾಯಂದಿರ ವಾಟ್ಸ್ಯಾಪ್ ಗುಂಪಿನಲ್ಲಿ ಕೇಳಿದೆ. ಅರ್ಧ ಮಂದಿ ಹೌದು ಅಂದರು, ಅರ್ಧ ಮಂದಿ ಅಲ್ಲ ಅಂದರು, ನಡುವೆ ಒಬ್ಬಾಕೆ ತನ್ನ ಹಳೇ ಮಿಕ್ಸರ್ ಮಾರಾಟಕ್ಕಿದೆ ಎಂದು ಫೋಟೋ ಹಾಕಿದಳು. ಪ್ಲ್ಯಾನಿನ ನಿಯಮಗಳನ್ನು ಕೊನೆಯ ಸಣ್ಣ ಅಕ್ಷರದವರೆಗೂ ಎರಡೆರಡು ಸಲ ಓದಿದೆ. ಪ್ರಪಂಚದಲ್ಲಿ ಅದನ್ನು ಪೂರ್ತಿ ಓದಿದವರು ಬರೆದವನು ಮತ್ತು ನಾನು, ಇಬ್ಬರೇ ಇರಬೇಕು.

"ಇಷ್ಟ್ಯಾಕ ವಿಚಾರ ಮಾಡ್ತಿ?" ಎಂದರು ನನ್ನ ಗಂಡ. "ನೀ ಕಟ್ಟು. ವಸೂಲ್ ಮಾಡೂ ಜಿಮ್ಮೇದಾರಿ ನಂದು."

"ನಿಮ್ಮದಲ್ಲರೀ, ಅತ್ತೀದು. ಅವರು ಏನು ಉಣ್ತಾರ?"

ನನ್ನ ಭಯ ಇದ್ದದ್ದು ಅಲ್ಲಿ. ಅತ್ತೆಗೆ ಶುಗರ್ ಇದೆ. ಗುಳಿಗೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಊಟ ಬೀಳಬೇಕು. ಹೋದ ವರ್ಷ ಸೋಲಾಪುರದಿಂದ ಬರುವಾಗ ಬುತ್ತಿ ಗಂಟನ್ನು ಬೀಗರ ಮನೆಯಲ್ಲೇ ಮರೆತಿದ್ದರು. ದಾರಿಯಲ್ಲಿ ಇಡ್ಲಿ ಕೊಡಿಸುತ್ತೇನೆಂದರೂ ಮುಟ್ಟಲಿಲ್ಲ. ಬಸ್ಸಿನಲ್ಲಿ ಮೈಯೆಲ್ಲ ಬೆವತು, ಕೈ ನಡುಗಿ, ನನ್ನನ್ನು ತಮ್ಮ ಸತ್ತುಹೋದ ಅಕ್ಕನ ಹೆಸರಿನಿಂದ ಕರೆಯತೊಡಗಿದ್ದರು. ಕಂಡಕ್ಟರು ಎಲ್ಲಿಂದಲೋ ಬೆಲ್ಲ ತಂದು ಬಾಯಿಗಿಟ್ಟಿದ್ದಕ್ಕೆ ಉಳಿದರು. ಬೆಲ್ಲ ಅರ್ಧ ತಾಸಿನ ಮಾತು, ಊಟ ತಪ್ಪಿಸಬೇಡಿ, ಭಜಿಯಂತೂ ಬೇಡವೇ ಬೇಡ ಎಂದು ಡಾಕ್ಟರು ನನಗೆ ಬೈದಿದ್ದರು. ಅವರಿಗಲ್ಲ, ನನಗೆ.

ಪಾರ್ಕಿಗೆ ಫೋನ್ ಮಾಡಿ ಮನೆಯ ಊಟ ತರಬಹುದೇ ಎಂದು ಕೇಳಿದೆ. ಮಕ್ಕಳ ಆಹಾರಕ್ಕೆ ಮಾತ್ರ ಅವಕಾಶ ಎಂದಳು ಒಬ್ಬಳು. ಅರವತ್ತು ದಾಟಿದ ಮಗುವಾದರೆ ಎಂದೆ. ಫೋನಿನಲ್ಲಿ ಸಂಗೀತ ಬಂತು.

ಅತ್ತೆಯನ್ನು ಮನೆಯಲ್ಲಿ ಬಿಟ್ಟು ಹೋಗುವುದಂತೂ ಸಾಧ್ಯವಿರಲಿಲ್ಲ. ತಾವು ನೀರಿನ ಮೇಲೆ ತೇಲುವ ಟ್ಯೂಬಿನಲ್ಲಿ ಕೂಡುವುದಾಗಿ ಆಗಲೇ ಓಣಿಗೆಲ್ಲ ಹೇಳಿಯಾಗಿತ್ತು.

ಆಗ ನನ್ನ ಗಂಡನಿಗೆ ಒಂದು ವಿಚಾರ ಹೊಳೆಯಿತು.

"ಪ್ಲ್ಯಾನ್ ಇದ್ರ ಅಲ್ಲಿ ಯಾರೂ ರೊಕ್ಕ ಕೇಳಂಗಿಲ್ಲ ಹೌದಿಲ್ಲೋ? ಕೈ ತೋರಸೂದು, ತಾಟು ತಗೊಳ್ಳೂದು. ಅವ್ವಗ ದಾಸೋಹ ಅಂತ ಹೇಳಿಬಿಡೂಣು."

ದಾಸೋಹವೆಂದರೆ ಅತ್ತೆಗೆ ಪ್ರಾಣ. ಅಮಾವಾಸ್ಯೆಗೆ ಬಸ್ಸು ಹತ್ತಿ ಕಲ್ಯಾಣಕ್ಕೆ ಹೋಗಿ, ಮಠದಲ್ಲಿ ಪಂಕ್ತಿಗೆ ಕೂತು ಉಂಡು ಬರುತ್ತಾರೆ. ಅಲ್ಲಿ ಯಾರು ಬಂದರೂ ಊಟ, ಬೆಲೆಯ ಮಾತಿಲ್ಲ.

"ಸುಳ್ಳು ಹೇಳೂದೇನ್ರಿ?"

"ಪೂರಾ ಸುಳ್ಳಲ್ಲ. ಉಣ್ಣೂ ಹೊತ್ತಿಗೆ ರೊಕ್ಕ ಕಾಣಂಗಿಲ್ಲ, ಅಷ್ಟ."

ನಾನು ಕಣ್ಣು ಮುಚ್ಚಿ ಫೋನಿನ ಗುಂಡಿ ಒತ್ತಿದೆ. ಪ್ಲ್ಯಾನ್ ಕಟ್ಟಲು ಯಾವ ವಿಡಿಯೋದಲ್ಲೂ ಹೇಳದ ಕಾರಣವೊಂದು ನಮಗೆ ಸಿಕ್ಕಿತ್ತು. ದ್ರೌಪತಿ ಆಯಿಯದನ್ನು ಸಂಘಪಾಲ ತಾನೇ ಕಟ್ಟಿದ. ಸಂಜೆ ನನ್ನ ಗಂಡ ಸುದ್ದಿ ಹೇಳಿದಾಗ ಅತ್ತೆಯ ಮುಖ ಅರಳಿತು.

"ಅಲ್ಲೂ ದಾಸೋಹ ಅದ?"

"ಹೂಂ ಅವ್ವಾ. ಕೈಗೆ ಪಟ್ಟಿ ಕಟ್ತಾರ."

"ಪಟ್ಟಿ ಯಾಕೋ?"

"ಗದ್ದಲ ಆಗಬಾರದು ಅಂತ."

ಗೋಡೆಯ ಆಚೆಯಿಂದ ದ್ರೌಪತಿ ಆಯಿ ಕೆಮ್ಮಿದರು. ಆ ಕೆಮ್ಮಿಗೆ ಶೀತ ಕಾರಣವಲ್ಲವೆಂದು ನನಗೆ ಗೊತ್ತಾಯಿತು.

ಹೋಗುವ ದಿನ ಬೆಳಿಗ್ಗೆ ಗಾಡಿ ಹತ್ತುವಾಗ ಅತ್ತೆಯ ತೊಡೆಯ ಮೇಲೆ ಒಂದು ಬಟ್ಟೆ ಚೀಲ. ನಾನು ಅದರಲ್ಲಿ ಬದಲಿಸಲು ಸೀರೆ ಇರಬಹುದು ಅಂದುಕೊಂಡೆ. ಪಾರ್ಕಿನ ಬಾಗಿಲಲ್ಲಿ ಚೀಲಗಳನ್ನು ತಪಾಸಣೆ ಮಾಡುವ ಹುಡುಗಿ ಅದನ್ನು ಬಿಚ್ಚಿದಾಗ ಒಳಗಿಂದ ಹೊಳೆಯುವ ತೊಗರಿಬೇಳೆ ಇಣುಕಿತು. ದಾಸೋಹಕ್ಕೆ ಬರಿಗೈಯಲ್ಲಿ ಹೋಗಬಾರದು. ಬೇಳೆಯೋ ಬೆಲ್ಲವೋ ಉಗ್ರಾಣಕ್ಕೆ ಕೊಟ್ಟು ಆಮೇಲೆ ಪಂಕ್ತಿಗೆ ಕೂಡಬೇಕು. ಕಲ್ಯಾಣಕ್ಕೆ ಹೋಗುವಾಗಲೂ ಹಾಗೆಯೇ ಮಾಡುತ್ತಾರೆ. ಮಗ ಕಟ್ಟಿದ ಕಥೆಯನ್ನು ತಾಯಿ ಪೂರ್ತಿ ನಂಬಿದ್ದರು. ನಾವಿಬ್ಬರೂ ಅದನ್ನು ಯೋಚಿಸಿರಲೇ ಇಲ್ಲ.

ಹುಡುಗಿಯ ಎದೆಯ ಮೇಲೆ ರಾಬಿಯಾ ಎಂಬ ಹೆಸರಿತ್ತು.

"ಅಮ್ಮಾ, ಬಾಹರ್ ಕಾ ಖಾನಾ ಅಂದರ್ ನಕ್ಕೋ," ಎಂದು ಹೊರಗಿನ ತಿನಿಸನ್ನು ತಡೆದಳು.

ಸಂತೆಯಲ್ಲಿ ಪಳಗಿದ ಅತ್ತೆಯ ದಖ್ಖನಿ ಭಾಷೆ ನನ್ನ ಕಾನ್ವೆಂಟಿನ ಹಿಂದಿಗಿಂತ ಚುರುಕು. "ಖಾನಾ ಕಾಂ ಹೈ ಬೇಟಾ? ಕಚ್ಚಾ ದಾಲ್ ಹೈ. ಕಚ್ಚಾ ಕೋಯಿ ಖಾತಾ ಕ್ಯಾ?" ಹಸಿ ಬೇಳೆಯನ್ನು ಯಾರಾದರೂ ತಿನ್ನುತ್ತಾರೆಯೇ ಎಂದರು.

ರಾಬಿಯಾ ನಿಯಮದ ಫಲಕದ ಕಡೆ ತಿರುಗಿ ನೋಡಿದಳು. ಅದರಲ್ಲಿ ಚಪಾತಿ, ಅನ್ನ, ಚಿಪ್ಸು, ಬಿಸ್ಕಿಟು, ಎಲ್ಲ ಇದ್ದವು. ಹಸಿ ಬೇಳೆ ಇರಲಿಲ್ಲ.

"ಫಿರ್ ಕಾಯ್ಕು ಲಾಯೆ?" ಮತ್ತೇಕೆ ತಂದಿರಿ ಎಂದು ಕೇಳಿದಳು.

"ದಾಸೋಹಕು. ಸಬ್ ಬೈಠ್ ಕೆ ಖಾತೇ ನಾ, ಪೈಸಾ ನಕ್ಕೋ ಬೋಲ್ ಕೆ, ಉಸಕು." ಎಲ್ಲರೂ ಕೂತು ದುಡ್ಡಿಲ್ಲದೆ ಉಣ್ಣುವುದಕ್ಕೆ ಎಂದು ಅತ್ತೆ ವಿವರಿಸಿದರು.

"ಅಚ್ಛಾ, ಲಂಗರ್ ಸರೀಕಾ!" ದರ್ಗಾದ ಲಂಗರು ಅವಳಿಗೆ ಗೊತ್ತಿತ್ತು. ಮರುಕ್ಷಣ ಅವಳ ಕಣ್ಣು ತಲೆಯ ಮೇಲಿದ್ದ ಊಟದ ದರಪಟ್ಟಿಗೆ ಹೋಯಿತು. "ಯಹಾಂ?"

ನಾನು ಅತ್ತೆಯ ಬೆನ್ನ ಹಿಂದೆ ನಿಂತು ಎರಡೂ ಕೈ ಜೋಡಿಸಿದೆ. ಅವಳು ನನ್ನನ್ನು ನೋಡಿದಳು, ಹಿಂದೆ ಮುಸಿಮುಸಿ ನಗುತ್ತಿದ್ದ ದ್ರೌಪತಿ ಆಯಿಯನ್ನು ನೋಡಿದಳು, ತುಟಿ ಕಚ್ಚಿಕೊಂಡು ಚೀಲದ ಬಾಯಿ ಕಟ್ಟಿ ಕೊಟ್ಟಳು. "ಜಾವ್ ಅಮ್ಮಾ."

ದಾಸೋಹದ ಬೇಳೆಯನ್ನು ಲಾಕರಿನಲ್ಲಿ ಇಡಬಾರದಂತೆ. ಹಾಗಾಗಿ ಇಡೀ ಬೆಳಗು ಅದು ನನ್ನ ಮಡಿಲಲ್ಲಿತ್ತು. ನನ್ನ ಗಂಡ, ಗುಡ್ಡಿ ಜಾರುಬಂಡಿಯಲ್ಲಿ ಜಾರಿದರು. ಅತ್ತೆ, ದ್ರೌಪತಿ ಆಯಿ ಒಂದೇ ಜೋಡು ಟ್ಯೂಬಿನಲ್ಲಿ ಕಾಲು ಚಾಚಿ ಕೂತು ಸುತ್ತು ಹಾಕುತ್ತ, ನನ್ನ ಮುಂದೆ ಹಾದು ಹೋದಾಗಲೆಲ್ಲ ಜಗಳವಾಡುತ್ತಿದ್ದರು.

"ಹುಟ್ಟು ಹಾಕ ದ್ರೌಪತಿ, ಸುಮ್ಮ ಕುಂತೀದಿ!"

"ಇದೇನು ನಿಮ್ಮಪ್ಪನ ದೋಣಿ? ನೀರ ಒಯ್ತದ ಬಿಡು!"

ನಾನು ಬೇಳೆ ಹೊತ್ತುಕೊಂಡು ಗಡಿಯಾರ ನೋಡುತ್ತಿದ್ದೆ. ಊಟದ ಹೊತ್ತಿಗೆ ಅತ್ತೆಗೆ ಗುಳಿಗೆ ಕೊಟ್ಟು, ನುಂಗಿದರೋ ಇಲ್ಲವೋ ಎಂದು ಬಾಯಿ ತೆಗೆಸಿ ನೋಡಿದೆ.

ಊಟದ ಜಾಗದಲ್ಲಿ ಎರಡು ಸಾಲು. ಒಂದು ಹಳದಿ ಪಟ್ಟಿಯವರದು, ಪಕ್ಕದ್ದು ಅಲ್ಲೇ ದುಡ್ಡು ಕೊಡುವವರದು. ನಾವು ಕೈ ತೋರಿಸಿದೆವು, ತಾಟು ಬಂದವು. ಚಪಾತಿ, ಅನ್ನ, ಬೇಳೆ, ಪಲ್ಯ, ಹಪ್ಪಳ, ಒಂದು ಬಟ್ಟಲು ಶಾವಿಗೆ ಪಾಯಸ. ಎಲ್ಲ ಸುಸೂತ್ರ. ಅತ್ತೆ ಬಿಳಿ ಉದ್ದ ಟೊಪ್ಪಿಗೆ ತೊಟ್ಟ ಅಡುಗೆಯವನಿಗೆ ಶರಣು ಮಾಡಿ ಚೀಲ ಮುಂದೆ ಹಿಡಿದರು.

"ಉಗ್ರಾಣ ಎಲ್ಲಿ ಅದರಿ?"

ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಬೇಳೆ ನೋಡಿದ, ಅತ್ತೆಯನ್ನು ನೋಡಿದ, ಕೈಬೀಸಿ ಮುಂದೆ ಹೋಗಿ ಎಂದ.

"ಬ್ಯಾಳಿ ಬ್ಯಾಡ ಅನ್ನೂ ದಾಸೋಹ ಇದs ಮೊದಲ ನೋಡಿದ್ದು," ಎನ್ನುತ್ತ ಅತ್ತೆ ಬಂದು ಕೂತರು. ಚಪಾತಿ ಮುರಿದರು. ತುತ್ತು ಇನ್ನೇನು ಬಾಯಿಗೆ ಹೋಗಬೇಕು, ಪಕ್ಕದ ಸಾಲಿನ ಮೇಜಿನಿಂದ ಒಂದು ಪುಟ್ಟ ಡಬ್ಬಿ ಟಿಣ್ ಎಂದು, ಇಷ್ಟು ರೂಪಾಯಿ ಬಂತು ಎಂದು ಗಟ್ಟಿಯಾಗಿ ಕೂಗಿತು. ತೆಲುಗಿನಲ್ಲಿ ಕೂಗಿದರೇನಂತೆ? ನಮ್ಮ ಓಣಿಯ ತರಕಾರಿ ಅಂಗಡಿಯಲ್ಲೂ ಅಂಥದೇ ಡಬ್ಬಿ ಇದೆ. ಅದರ ಮಾತು ಅತ್ತೆಗೆ ಯಾವ ಭಾಷೆಯಲ್ಲೂ ತಿಳಿಯುತ್ತದೆ.

ತುತ್ತು ತಾಟಿಗೆ ಇಳಿಯಿತು.

"ಸತೀಶಾ. ಇಲ್ಲಿ ಅನ್ನ ಮಾರಾಕತ್ತಾರಲ್ಲೋ."

"ಅದು ಬ್ಯಾರೆ ಸಾಲು ಅವ್ವಾ..."

"ನಮ್ದು?"

ನನ್ನ ಗಂಡನ ಬಾಯಲ್ಲಿ ಹಪ್ಪಳ ಅರ್ಧ ಹೊರಗಿತ್ತು. "ನಮ್ದು... ಮನ್ಯಾಗಿಂದನ ಕಟ್ಟೇವಿ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ತಾಟನ್ನು ಎರಡು ಬೆರಳಿನಿಂದ ದೂರ ತಳ್ಳಿದರು.

"ಅತ್ತೀ, ಗುಳಿಗಿ ತಗೊಂಡೀರಿ. ಉಣ್ಣಬೇಕ್ರಿ."

"ಒಂದ ಹೊತ್ತು ಉಪಾಸ ಇದ್ರ ಯಾರೂ ಸಾಯಂಗಿಲ್ಲ."

"ಸಾಯ್ತಾರ್ರಿ!" ಎಂದು ನಾನು ಕಿರುಚಿಯೇಬಿಟ್ಟೆ. ಅತ್ತೆಯ ಎದುರು ನನ್ನ ದನಿ ಏರಿದ್ದು ಅದೇ ಮೊದಲು. ಎರಡೂ ಸಾಲಿನವರು ತಿರುಗಿ ನೋಡಿದರು. "ಸೋಲಾಪುರದ ಬಸ್ಸಿನಾಗ ಏನಾಗಿತ್ತು, ಮರತೀರೇನು?"

"ನನಗ ಆದ್ರ ಆಗಲಿ. ನಾ ಇದನ್ನ ಉಂಡು ಇವಗ ಏನರ ಆದ್ರ?" ಎಂದು ಅತ್ತೆ ಮಗನನ್ನು ತೋರಿಸಿದರು.

ಹಾಗೆ ಆ ಪಾರ್ಕಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊದಲ ಸಲ ಬಾಯಿ ಬಿಟ್ಟರು. ಸತೀಶ ಹಾಲುಗೂಸಿದ್ದಾಗ ಜ್ವರ ಏರಿ ಕಲ್ಯಾಣದ ದವಾಖಾನೆಗೆ ಒಯ್ದಿದ್ದರು. ಮಗು ಮೊಲೆ ಹಿಡಿಯುತ್ತಿರಲಿಲ್ಲ. ತಾಯಿಯೂ ಏನೂ ಉಂಡಿರಲಿಲ್ಲ. ನನ್ನ ಮಾವ ಮಾಣಿಕಪ್ಪನವರು ದವಾಖಾನೆಯ ಬಾಗಿಲಲ್ಲಿ ಮಾರುತ್ತಿದ್ದ ಅನ್ನ ಕೊಂಡು ತಂದುಕೊಟ್ಟರು. ಇವರು ಮೊದಲ ತುತ್ತು ಎತ್ತುವುದಕ್ಕೂ ಮಗು ಕಣ್ಣು ಮೇಲೆ ಮಾಡುವುದಕ್ಕೂ ಸರಿಹೋಯಿತು. ತುತ್ತನ್ನು ಅಲ್ಲೇ ಬಿಟ್ಟರು. ಈ ಕೂಸು ಉಳಿದರೆ ಕೊಂಡ ಅನ್ನ ಇನ್ನು ನನ್ನ ಬಾಯಿಗಿಲ್ಲ ಎಂದರು. ಕೂಸು ಉಳಿಯಿತು.

ನನ್ನ ಗಂಡ ಹಪ್ಪಳವನ್ನು ಸದ್ದಾಗದಂತೆ ನುಂಗಿದರು. "ಅವ್ವಾ, ಈಗ ನನಗ ಹೊಟ್ಟಿ ಬಂದದ. ತಲಿ ಬೆಳ್ಳಗಾಗಾಕತ್ತದ."

"ಆದ್ರೇನು? ಹರಕಿಗಿ ವಯಸ್ಸು ಇರ್ತದೇನು?"

ಗುಡ್ಡಿ ಆಸ್ಪತ್ರೆಯಲ್ಲಿದ್ದಾಗ ನಾನೂ ಯಾರಿಗೂ ಹೇಳದೆ ಒಂದು ಮಾತು ಕೊಟ್ಟಿದ್ದೆ. ಆ್ಯಸಿಡಿಟಿ ನನಗೆ ಎಂದೂ ಇರಲಿಲ್ಲ.

ಅತ್ತೆಯ ಹಣೆಯ ಮೇಲೆ ಬೆವರು ಮೂಡಿತು. ನಾನು ಪರ್ಸಿನಲ್ಲಿ ಬೆಲ್ಲದ ಉಂಡೆ ತಡಕುತ್ತಿದ್ದಾಗ ದ್ರೌಪತಿ ಆಯಿ ತಮ್ಮ ತಾಟನ್ನು ಸರ್ರೆಂದು ಅತ್ತೆಯ ಮುಂದೆ ದೂಡಿದರು.

"ಗಯಾ, ಮಂಠಾಳದಾಗ ಬದುವಿನ ಹಿಂದ ಏನು ಮಾಡ್ತಿದ್ವಿ?"

ಅತ್ತೆ ನನ್ನನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. "ಹುಡುಗೂರ ಮುಂದ ಅದ್ಯಾಕ ಈಗ?"

"ಹೇಳ್ತೀನಿ, ಕೇಳಲಿ. ನಿಮ್ಮತ್ತಿ ನಮ್ಮ ಮನಿ ರೊಟ್ಟಿ ಮುಟ್ಟಬ್ಯಾಡ ಅಂತ ನಿನಗ ತಾಕೀತು ಮಾಡಿದ್ಲು. ಎಲ್ಲಾರೂ ಆ ಕಡಿ ನೀವು, ಈ ಕಡಿ ನಾವು ಕುಂತು ಉಣ್ತಿದ್ವಿ. ನಾವಿಬ್ಬರು ನೀರಿಗಿ ಹೋಗ್ತೀವಂತ ಹೋಗಿ ಬದುವಿನ ಹಿಂದ ಬುತ್ತಿ ಗಂಟs ಬದಲು ಮಾಡ್ಕೋತಿದ್ವಿ. ನಿನ್ನ ಸಪ್ಪನ ಪಲ್ಯ ನಾ ತಿಂದು ಬಾಯಿ ಕೆಡಿಸ್ಕೊಂಡೆ."

"ನಿನ್ನ ಖಾರಬ್ಯಾಳಿ ತಿಂದು ನಾ ಕಣ್ಣಾಗ ನೀರು ತಂದೆ. ಅತ್ತಿ ಕೇಳಿದ್ರ ಹೊಲದಾಗ ಧೂಳು ಬಿತ್ತು ಅಂತಿದ್ದೆ."

"ಅದು ಕೊಂಡದ್ದೇನು?"

"ಅಲ್ಲ. ನೀ ಕೊಟ್ಟದ್ದು."

"ಹಂಗಾರ ಇದೂ ನಾ ಕೊಟ್ಟದ್ದು. ನನ್ನ ಮಗ ನನಗ ಕೊಡಿಸ್ಯಾನ, ನನ್ನ ಅನ್ನ. ನೀನೂ ಕೊಂಡಿಲ್ಲ, ನಿನ್ನ ಮಗನೂ ಕೊಂಡಿಲ್ಲ."

"ಮತ್ತ ನೀ ಏನು ಉಣ್ತೀ?"

"ನಿಂದು ನನಗ ಕೊಡ್ತೀ. ಕೊಡೂದಿಲ್ಲಾಂದ್ರ ಎರಡೂ ತಾಟು ನಾನs ಹೊಡೀತೀನಿ, ನೀ ನೋಡ್ಕೋತ ಕೂಡು."

ಅತ್ತೆ ನನ್ನ ಕಡೆಗೆ ತಿರುಗಿದರು.

"ಪೂನಮ್, ನೀ ಎಲ್ಲಾ ಓದೀದಿ. ಪಟ್ಟಿ ಕಾಯಿದೆದಾಗ ಇದು ನಡೀತದೇನು?"

ನನ್ನ ಓದು ಆ ಮನೆಯಲ್ಲಿ ಯಾರಿಗಾದರೂ ಬೇಕಾದದ್ದು ಆವತ್ತೇ. "ನಡೀತದ್ರಿ ಅತ್ತೀ," ಎಂದೆ ಗಟ್ಟಿಯಾಗಿ. "ಪಟ್ಟಿ ಬ್ಯಾರೆಯವರಿಗೆ ಕೊಡಬಾರದು ಅಂತ ಬರದಾರ. ತಾಟಿನ ಮಾತು ಎಲ್ಲೂ ಇಲ್ಲ."

"ಹಂಗಾರ ಕರದು ಕೊಡು," ಎಂದರು ಅತ್ತೆ, ದ್ರೌಪತಿ ಆಯಿಗೆ. ಕರೆಯದೆ ಉಣ್ಣುವುದುಂಟೆ?

"ಬಾರವ್ವಾ ಗಯಾಬಾಯಿ, ನಮ್ಮಲ್ಲಿ ಉಣ್ಣಾಕ ಬಾ!" ದ್ರೌಪತಿ ಆಯಿ ಕರೆದ ಕರೆಗೆ ಆಚೆ ಸಾಲಿನವನೊಬ್ಬ ತನ್ನನ್ನೇ ಕರೆದರೆಂದು ಎದ್ದು ನಿಂತ.

ಅತ್ತೆ ಉಂಡರು. ಮೊದಲ ತುತ್ತಿಗೆ ಮಗನ ಮುಖ ನೋಡಿದರು. ನನ್ನ ಗಂಡ ನೆಟ್ಟಗೆ ಕೂತಿದ್ದರು. ಎರಡನೆಯದಕ್ಕೂ ನೋಡಿದರು. ಆಮೇಲೆ ನೋಡಲಿಲ್ಲ, ತಾಟಿನ ಕಡೆಗೇ ಗಮನ ಕೊಟ್ಟರು. ಬೆವರು ಆರಿತು. ನಾನು ಬೆಲ್ಲದ ಉಂಡೆಯನ್ನು ನನ್ನ ಬಾಯಿಗೇ ಹಾಕಿಕೊಂಡೆ.

ಹೊಟ್ಟೆಗೆ ಸ್ವಲ್ಪ ಬಿದ್ದ ಮೇಲೆ ಅತ್ತೆಗೆ ಹುಕುಂ ಮಾಡುವ ಶಕ್ತಿ ಬಂತು. ಇಲ್ಲಿ ಯಾರೂ ತಮ್ಮ ತಾಟು ತಾವು ಉಣ್ಣಬೇಡಿ ಎಂದರು. ನನ್ನ ಗಂಡ ವಸೂಲಿಗೆಂದು ಕೇಳಿ ಕೇಳಿ ಹಾಕಿಸಿಕೊಂಡಿದ್ದ ಹಪ್ಪಳದ ಗುಡ್ಡ ನನ್ನ ಪಾಲಿಗೆ ಬಂತು. ನಾನು ಹಾಕಿಸಿಕೊಂಡಿದ್ದ ಎರಡು ಚಮಚ ಅನ್ನ, ಒಣ ಚಪಾತಿ ಅವರ ಪಾಲಿಗೆ ಹೋಯಿತು. ಈ ಗಲಾಟೆಯಲ್ಲಿ ಗುಡ್ಡಿ ಎಲ್ಲಿ ಎಂದು ನೋಡಿದರೆ, ದ್ರೌಪತಿ ಆಯಿಯ ತೊಡೆಯೇರಿ ಅವರ ಮುಂದಿನ ತಾಟಿನಿಂದ ಗಪಗಪ ಉಣ್ಣುತ್ತಿದ್ದಾಳೆ. ಅವಳದೇ ತಾಟು ಮುಟ್ಟದೆ ಪಕ್ಕದಲ್ಲಿತ್ತು.

"ಆಯೀ, ಇನ್ನಾ ಹಾಕು."

ಈ ಮಾತು ಕೇಳಲು ನಾನು ಕಲಬುರಗಿಯ ಮೂವರು ಮಕ್ಕಳ ಡಾಕ್ಟರರನ್ನು ಕಂಡುಬಂದಿದ್ದೆ.

ಸಂಜೆ ಹೊರಗೆ ಬರುವಾಗ ಅತ್ತೆ ಬೇಳೆ ಚೀಲವನ್ನು ರಾಬಿಯಾಗೆ ಕೊಡಲು ಹೋದರು. ಗೇಟಿನ ಒಳಗೆ ಏನೂ ತೆಗೆದುಕೊಳ್ಳುವಂತಿಲ್ಲ ಎಂದಳು ಅವಳು. ಅತ್ತೆ ಗೇಟು ದಾಟಿ ರಸ್ತೆಯಲ್ಲಿ ನಿಂತರು, ಕದಲಲಿಲ್ಲ. ಪಾಳಿ ಮುಗಿದ ಮೇಲೆ ರಾಬಿಯಾ ನಗುತ್ತ ಬಂದು ಎರಡೂ ಕೈಯಲ್ಲಿ ಇಸಿದುಕೊಂಡಳು. "ಲಂಗರ್ ಮೆ ದೇತುಂ ಅಮ್ಮಾ," ಎಂದಳು, ಲಂಗರಿಗೆ ಕೊಡುತ್ತೇನೆಂದು. ಅತ್ತೆಗೆ ಸಮಾಧಾನವಾಯಿತು. ಬೇಳೆ ಅಂತೂ ಸರಿಯಾದ ಉಗ್ರಾಣ ಸೇರಿತು.

ಮರುದಿನ ತಾಯಂದಿರ ಗುಂಪಿನಲ್ಲಿ ಒಬ್ಬಾಕೆ ಕೇಳಿದಳು: ನಾವೂ ಹೋಗುತ್ತಿದ್ದೇವೆ, ಊಟದ ಪ್ಲ್ಯಾನ್ ಕಟ್ಟಬಹುದೇ? ನಾನು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಅಂಗಳದಲ್ಲಿ ಗೋಡೆಗೆ ಒರಗಿ ಕೂತಿದ್ದ ಅತ್ತೆಯನ್ನೇ ಕೇಳಿದೆ.

"ಕಟ್ಟಲಿ," ಎಂದರು. "ಖರೇ ಒಬ್ಬರs ಹೋಗಬ್ಯಾಡ್ರಿ ಅಂತ ಹೇಳು. ತಾಟು ಬದಲು ಮಾಡ್ಕೊಳ್ಳಾಕ ಯಾರರ ಬೇಕು."

ನಾನು ಬರೆಯತೊಡಗಿದೆ. ಅಷ್ಟರಲ್ಲಿ ಗೋಡೆಯ ಆಚೆಯಿಂದ ದ್ರೌಪತಿ ಆಯಿಯ ದನಿ ಬಂತು. "ಬ್ಯಾಳಿ ನೀರ ನೀರ ಇತ್ತು, ಅದನ್ನೂ ಬರಿಯಂತ ಹೇಳ ಗಯಾ!"

"ಇರದs ಏನು?" ಎಂದರು ಅತ್ತೆ. "ನಾ ಒಯ್ದದ್ದು ತಗೊಂಡಿದ್ರ ಗಟ್ಟಿ ಆಗ್ತಿತ್ತು."